ಎರಡನೆಯ ಸೌಟು

ಟವೆಲ್ಲಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ನೀಲಿ ಹೂಗಳಿದ್ದವು, ಈಗ ನಾಲ್ಕೇ ನೀಲಿಯಾಗಿ ಉಳಿದಿವೆ, ಐದನೆಯದು ಕಣ್ಣೆದುರೇ ಕಪ್ಪಾಗುತ್ತಿದೆ, ರಕ್ತವನ್ನು ತಣ್ಣೀರಿನಲ್ಲೇ ನೆನೆಹಾಕಬೇಕು, ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ, ಒಂದು ಹಿಡಿ ಉಪ್ಪು, ಆಮೇಲೆ ಬಿಸಿಲು — ರಸ್ತೆ ನೋಡು ಆರ್ಲಿಸ್, ರಸ್ತೆ. ಪಕ್ಕದ ಸೀಟಿನಲ್ಲಿ ಪಕ್ಕದ ಮನೆಯ ಡೆಲ್ಮರ್. ಬಲಗೈಯನ್ನು ಆ ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸನ್ನು ಹಿಡಿದವರ ಹಾಗೆ ಎದೆಗೊತ್ತಿಕೊಂಡು ಕೂತಿದ್ದಾರೆ, ಕಣ್ಣಿನ ಕೆಳಗೆ ಕೆನ್ನೆಯಲ್ಲೊಂದು ಸೀಳು, ಅದರಿಂದ ಇಳಿದ ರಕ್ತ ಬಿಳಿ ಗಡ್ಡದ ಬುಡದಲ್ಲಿ ಒಣಗುತ್ತಿದೆ, ಆದರೂ ರಸ್ತೆ ನೋಡು ಅಂದದ್ದು ಅವರೇ, ಅವಳು ನೋಡಿದಳು, ರಸ್ತೆ ಇತ್ತು, ಎರಡೂ ಬದಿಗೆ ಮೊಣಕಾಲೆತ್ತರದ ಮೆಕ್ಕೆಜೋಳ, ದೂರದಲ್ಲಿ ಕಾಳು ತುಂಬುವ ಬಿಳಿಯ ಗೋಪುರ, ನೆಬ್ರಾಸ್ಕದ ಈ ರಸ್ತೆಯಲ್ಲಿ ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಗೆ ಹೋಗಿ ಬಂದಿದ್ದಾಳೆ, ಇವತ್ತು ಯಾರದೋ ಊರಿನ ರಸ್ತೆಯ ಹಾಗಿದೆ. ಆಸ್ಪತ್ರೆಗೆ ಇನ್ನೂ ಮೂವತ್ತು ಮೈಲಿ. ಊರಿನ ಒಂದೇ ಆಂಬುಲೆನ್ಸು ಯಾವುದೋ ಫಾರ್ಮಿಗೆ ಹೋಗಿತ್ತು, ಜಲ್ಲಿಗುಂಡಿಯಲ್ಲಿ ಬಂದೂಕು ಹೊಡೆಯುವ ಗುರಿಯಂಗಳ ನೋಡಿಕೊಳ್ಳುವ ಲೈಲ್ ಫೋನು ಹಿಡಿದು ಇನ್ನು ನಲವತ್ತು ನಿಮಿಷವಂತೆ ಅಂದ, ಅಷ್ಟು ಹೊತ್ತಿಗೆ ನಾವೇ ತಲುಪಿರ್ತೀವಿ, ನಡಿ ಆರ್ಲಿಸ್ ನಿನ್ನ ಗಾಡಿ ತೆಗಿ ಅಂದವರೂ ಡೆಲ್ಮರೇ. ಅವಳ ಕಾಲು ನಡೆಯಿತು, ಕೈ ಬೀಗದ ಕೈ ತಿರುಗಿಸಿತು, ಅವಳು ಮಾತ್ರ ಇನ್ನೂ ಅಲ್ಲೇ ಜಲ್ಲಿಗುಂಡಿಯಲ್ಲಿ ನಿಂತಿದ್ದಾಳೆ, ಕಿವಿಗೆ ಮುಚ್ಚಳ ಹಾಕಿಕೊಂಡು, ಅವರ ಬೆನ್ನಿಗೆ ಎರಡು ಮಾರು ಹಿಂದೆ, ಮೊದಲನೆಯ ಗುಂಡು ಸರಿ, ಎರಡನೆಯದು ಸರಿ, ಮೂರನೆಯದಕ್ಕೆ ಅವರು ತಿರುಗಿ ನೋಡದೆಯೇ ಎಡಗೈಯ ಹೆಬ್ಬೆರಳು ಎತ್ತಿ ತೋರಿಸಿದರು, ಭೇಷ್ ಎಂಬಂತೆ, ನಾಲ್ಕನೆಯದು ಶಬ್ದವೇ ಅಲ್ಲ, ಗಾಳಿಯೇ ಕೆನ್ನೆಗೆ ಬಾರಿಸಿದ ಹಾಗೆ, ಆಮೇಲೆ ಯಾರೋ ಕಿರುಚುತ್ತಿದ್ದರು, ಗಂಟಲು ಉರಿದಾಗ ಗೊತ್ತಾಯಿತು ಅದು ತಾನೇ ಎಂದು. ಡೆಲ್ಮರ್ ಕಿರುಚಲಿಲ್ಲ. ತಮ್ಮ ಬಲಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಗಡಿಯಲ್ಲಿ ಯಾರೋ ತಪ್ಪು ಸಾಮಾನು ಕೊಟ್ಟರೆ ನೋಡುವ ಹಾಗೆ ನೋಡುತ್ತಿದ್ದರು. ಜಲ್ಲಿಯ ಮೇಲೆ ರಿವಾಲ್ವರ್ ಬಿದ್ದಿತ್ತು, ಅದರ ನೆತ್ತಿಯ ಉಕ್ಕೇ ಹಾರಿಹೋಗಿತ್ತು.

ನಾನು ಮಾಡಿದ್ದು. ಅಲ್ಲ. ಹಳೆಯ ಬಂದೂಕು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು, ಐವತ್ತು ವರ್ಷ ದಾಟಿದೆ, ಉಕ್ಕಿಗೂ ಆಯಸ್ಸಿರುತ್ತದಲ್ಲ, ಎಲ್ಲೋ ಒಳಗೆ ಕೂದಲೆಳೆಯಷ್ಟು ಬಿರುಕು ಇದ್ದಿರಬಹುದು — ನಾನು ಮಾಡಿದ್ದು. ಆ ತೋಟಾಗಳನ್ನು ನಾನು ಮಾಡಿದ್ದು, ನನ್ನ ಅಡುಗೆಮನೆಯ ಮೇಜಿನ ಮೇಲೆ, ಒಂದೊಂದಾಗಿ ಐವತ್ತು, ಕೆಂಪು ರಿಬ್ಬನ್ ಕಟ್ಟಿ ಕೊಟ್ಟಿದ್ದೆ, ಎಂಬತ್ತು ತುಂಬಿದ್ದಕ್ಕೆ ಉಡುಗೊರೆ, ಅವರು ಡಬ್ಬಿ ತೆರೆದು ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಅಂಗಡೀದಕ್ಕಿಂತ ಚೆನ್ನಾಗಿದೆ ಕಣಮ್ಮ, ಯಾರು ಕಲಿಸಿದ್ದು ನಿಂಗೆ ಅಂತ ಕೇಳಿ ನಕ್ಕಿದ್ದರು. ಬರುವುದಿಲ್ಲ ಅಂದಿದ್ದರು ಮೊದಲು. ಓಪಲ್‌ನ ಬಿಟ್ಟು ಹೇಗೆ ಬರಲಿ, ಅವಳು ಎದ್ದು ಬಾಗಿಲು ತೆಗೆದು ಹೋಗಿಬಿಟ್ಟರೆ? ನಾಲ್ಕು ವರ್ಷದಿಂದ ಅವರ ಹೆಂಡತಿ ಓಪಲ್‌ಗೆ ಮರೆವಿನ ರೋಗ, ನಾಲ್ಕು ವರ್ಷದಿಂದ ಡೆಲ್ಮರ್ ಈ ಎರಡು ಮನೆಯ ಅಂಗಳ ದಾಟಿದ್ದು ಔಷಧಿಗೆ ಮತ್ತು ಇಗರ್ಜಿಗೆ ಮಾತ್ರ, ಜೋಲೀನ್‌ನ ಕೂರಿಸೋಣ, ನಿಮ್ಮ ಮಗಳೇ ತಾನೆ, ಶನಿವಾರ ಬ್ಯಾಂಕಿಗೆ ರಜ, ಎರಡೇ ಗಂಟೆ ಡೆಲ್ಮರ್, ಹುಟ್ಟುಹಬ್ಬ ದಿನಾ ಬರುತ್ತಾ ಎಂದು ಪಕ್ಕದ ಮನೆಯ ಆರ್ಲಿಸ್ ಒಂದು ವಾರ ಬೆನ್ನು ಬಿದ್ದು ಎಬ್ಬಿಸಿಕೊಂಡು ಬಂದಳು. ಎಬ್ಬಿಸಿಕೊಂಡು ಬಂದದ್ದೂ ನಾನೇ.

ಕಲಿಸಿದ್ದು ಅವರು. ಹೋದ ವರ್ಷ ಸೆಪ್ಟೆಂಬರ್, ಅಂಗಡಿಯಲ್ಲಿ ತೋಟಾದ ಕಪಾಟು ಖಾಲಿ, ಇದ್ದ ಒಂದು ಪೆಟ್ಟಿಗೆಗೆ ಹೇಳಿದ ಬೆಲೆ ಕೇಳಿ ಅವಳು ಪೆಟ್ಟಿಗೆಯನ್ನು ಮೊಟ್ಟೆಯ ಹಾಗೆ ಮೆಲ್ಲಗೆ ವಾಪಸ್ಸಿಟ್ಟು ಬಂದಿದ್ದಳು, ಶಾಲೆಯ ಪಿಂಚಣಿಯಲ್ಲಿ ಶನಿವಾರದ ಗುರಿಯಾಟ ಇನ್ನು ಸಾಕು ಅಂತ ಬೇಲಿಯ ಹತ್ತಿರ ಹೇಳಿದಾಗ ಡೆಲ್ಮರ್ ಟೊಮೆಟೊ ಗಿಡ ಕಟ್ಟುತ್ತಿದ್ದವರು ತಲೆಯೆತ್ತಿ, ಕೊಳ್ಳೋದ್ಯಾಕೆ, ಮಾಡಿಕೋ ಅಂದರು, ರೊಟ್ಟಿ ಕೊಳ್ಳೋಕಾಗದವರು ರೊಟ್ಟಿ ಸುಡಲ್ವಾ? ಅದೇ ಸಂಜೆ ಗರಾಜಿನಿಂದ ತೋಟಾ ಒತ್ತುವ ಹಳೆಯ ಕೈಪ್ರೆಸ್ಸು ಹೊತ್ತು ತಂದು ಅವಳ ಅಡುಗೆ ಮೇಜಿಗೇ ತಿರುಪು ಹಾಕಿ ಕೂರಿಸಿದರು, ನನ್ನ ಕೈ ನಡುಗುತ್ತೆ, ಇನ್ನು ನನಗಿದು ಬೇಡ, ಗುರುದಕ್ಷಿಣೆ ಏನು ಅಂತ ಆಮೇಲೆ ಹೇಳ್ತೀನಿ, ರುಬಾರ್ಬ್ ದಂಟಿನ ಪೈ ಆದರೂ ಆದೀತು. ಜಲ್ಲಿಗುಂಡಿಯಲ್ಲಿ ಬೇರೆಯವರು ಬಿಟ್ಟುಹೋದ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಅವಳು ಬಗ್ಗಿ ಬಗ್ಗಿ ಆರಿಸಿದಳು, ಸೊಪ್ಪು ತೊಳೆಯುವ ಜಾಲರಿಯಲ್ಲಿ ಹಾಕಿ ಸೋಪು ವಿನೆಗರ್ ಬಿಟ್ಟು ತೊಳೆದಳು, ಬಿಸ್ಕತ್ತು ಸುಡುವ ತಟ್ಟೆಯಲ್ಲಿ ಹರಡಿ ಒಣಗಿಸಿದಳು, ಮಿಣಮಿಣ ಹೊಳೆದವು, ಕದ್ದ ಚಿನ್ನದ ಹಾಗೆ. ಐವತ್ತು ಕುಳಿ ಕೊರೆದ ಮರದ ಹಲಗೆಯನ್ನು ಡೆಲ್ಮರೇ ಮಾಡಿಕೊಟ್ಟರು. ಒಂದು ಹಳೆಯ ಚಿಪ್ಪನ್ನು ಕತ್ತರಿಸಿ ತಂತಿಯ ಹಿಡಿ ಬೆಸೆದು ಸಿಡಿಮದ್ದು ಅಳೆಯಲು ಪುಟ್ಟ ಸೌಟು, ಅದನ್ನು ಅವಳ ಕೈಗೆ ಕೊಡುವಾಗ, ನೋಡು, ಇಪ್ಪತ್ತೇಳು ವರ್ಷ ಮಕ್ಕಳಿಗೆ ಗ್ರೇವಿ ಬಡಿಸಿದ ಕೈ ನಿಂದು, ಇಲ್ಲಿ ಹಾಗೆ ಬಡಿಸಬೇಡ, ಇಲ್ಲಿ ಯಾರಿಗೂ ಎರಡನೇ ಸೌಟಿಲ್ಲ. ಎಷ್ಟು ನಕ್ಕಿದ್ದಳು. ಎಷ್ಟು ನಕ್ಕಿದ್ದಳು ಅದಕ್ಕೆ. ಮದ್ದು ತರುವಾಗ ಅವರು ಹೇಳಿದ್ದು ಉಬ್ಬಿಕೊಂಡಿರುವ ಜಾತಿಯದ್ದು, ಒಂದು ಸೌಟಿಗೇ ಚಿಪ್ಪು ತುಂಬಬೇಕು, ಮರೆತು ಎರಡು ಹಾಕಿದರೆ ಚೆಲ್ಲಿ ಮೇಜೆಲ್ಲ ಆಗುತ್ತೆ, ಚೆಲ್ಲಿದರೆ ಒಳ್ಳೇದು, ಚೆಲ್ಲಿದರೆ ನಿಂಗೆ ಗೊತ್ತಾಗುತ್ತೆ. ಅಂಗಡಿಯಲ್ಲಿ ಅದಿರಲಿಲ್ಲ. ಇದ್ದದ್ದು ಇನ್ನೊಂದು, ಸಣ್ಣ ಕಣದ್ದು, ಚಿಪ್ಪಿನ ತಳದಲ್ಲಿ ಚಿಟಿಕೆಯ ಹಾಗೆ ಕೂರುವಂಥದ್ದು, ಒಂದು ಡಬ್ಬಿ ಒಯ್ದರೆ ವರ್ಷಗಟ್ಟಲೆ ಬರುತ್ತೆ ಅಮ್ಮ, ಉಳಿತಾಯ ಅಂದ ಅಂಗಡಿಯವನು, ಉಳಿತಾಯ. ಡೆಲ್ಮರ್ ಡಬ್ಬಿಯ ಮೇಲಿನ ಚೀಟಿ ಓದಿ ಸೌಟನ್ನು ಇನ್ನೂ ಗಿಡ್ಡಕ್ಕೆ ಕತ್ತರಿಸಿ ಕೊಟ್ಟರು. ಇದರಲ್ಲಿ ಎರಡು ಹಾಕಿದರೂ ಚೆಲ್ಲಲ್ಲ, ಸುಮ್ಮನೆ ಕೂತಿರುತ್ತೆ. ಹಾಗಾದರೆ ಒಂದು ಮಾತು ಕೊಡು, ಬಾಯಿಗೆ ಸೀಸದ ಗುಂಡು ಕೂರಿಸೋ ಮುಂಚೆ ಟಾರ್ಚು ಹಿಡಿದು ಐವತ್ತನ್ನೂ ನೋಡಬೇಕು, ಒಂದೊಂದನ್ನೂ, ರೇಡಿಯೋ ಇಲ್ಲ, ಫೋನಿಲ್ಲ, ಮಾತಿಲ್ಲ. ಅವಳು ಮಾತು ಕೊಟ್ಟಳು. ಒಂಬತ್ತು ತಿಂಗಳು ನೋಡಿದಳು. ಒಂದೊಂದನ್ನೂ. ಬಾವಿಗೆ ಬಗ್ಗಿ ನೋಡಿದ ಹಾಗೆ, ತಳದಲ್ಲಿ ಬೂದು ಮದ್ದು, ಎಲ್ಲದರಲ್ಲೂ ಒಂದೇ ಮಟ್ಟ, ಐವತ್ತು ಪುಟ್ಟ ಬಾವಿ.

ಆ ದಿನ? ಆ ದಿನ ನೋಡಿದೆನೇ? ಈ ಉಡುಗೊರೆ ಮಾಡಿದ ಮೊನ್ನೆ ಗುರುವಾರ, ಮಧ್ಯಾಹ್ನ, ಕಿಟಕಿ ತೆರೆದಿತ್ತು, ಓವನ್ನಿನಲ್ಲಿ ರುಬಾರ್ಬ್ ಪೈ, ಅದೂ ಅವರಿಗೇ, ಹುಟ್ಟುಹಬ್ಬಕ್ಕೆ ಮೊದಲೇ ಒಂದು ರುಚಿ ನೋಡಲಿ ಎಂದು, ಅವಳು ಸೌಟಿನಿಂದ ಸುರಿಯುತ್ತಿದ್ದಳು, ಒಂದು, ಅಂಚು ಸವರಿ ಇನ್ನೊಂದು, ಓವನ್ನಿನ ಗಂಟೆ ಹೊಡೆಯಿತು. ಎದ್ದಳು. ಬಟ್ಟೆ ಹಿಡಿದು ಪೈ ತೆಗೆಯುವಾಗ ಮಣಿಕಟ್ಟು ಒಳಗಿನ ಕಂಬಿಗೆ ತಾಗಿತು — ಇದೋ, ಸ್ಟೀರಿಂಗ್ ಹಿಡಿದ ಬಲ ಮಣಿಕಟ್ಟಿನಲ್ಲಿ ಆ ಗೆರೆ ಇನ್ನೂ ಇದೆ, ಕಂದು ಬಣ್ಣ, ಸುಲಿಯುತ್ತಿದೆ — ಅಯ್ಯೋ ಎಂದು ನಲ್ಲಿಯ ಕೆಳಗೆ ಕೈ ಹಿಡಿದಳು, ನೀರು ತಣ್ಣಗಿತ್ತು, ಹಿತವಾಗಿತ್ತು, ಪೈಯ ಮೇಲೆ ರಸ ಗುಳ್ಳೆಯೊಡೆದು ಉಕ್ಕುತ್ತಿತ್ತು, ಸುಟ್ಟ ಸಕ್ಕರೆಯ ವಾಸನೆ, ಆಮೇಲೆ ಬಂದು ಕೂತಳು, ಸುರಿದಳು, ಐವತ್ತಾಯಿತು, ಟಾರ್ಚು ತೆಗೆದುಕೊಂಡಳು. ತೆಗೆದುಕೊಂಡಳು ತಾನೆ? ಟಾರ್ಚು ಕೈಯಲ್ಲಿದೆ, ಬೆರಳಿಗೆ ಅದರ ಗುಂಡಿ ಸಿಗುತ್ತಿದೆ, ಹಳದಿ ಬೆಳಕಿನ ಬಿಲ್ಲೆ ಹಲಗೆಯ ಮೇಲೆ ಸರಿಯುತ್ತಿದೆ, ಆದರೆ ಕಿಟಕಿಯ ಹೊರಗೆ ಹಿಮವಿದೆ. ಹಿಮ. ಹಾಗಾದರೆ ಅದು ಫೆಬ್ರವರಿ. ಇನ್ನೊಂದು ಸಲ ಹುಡುಕಿದಳು, ಕಿಟಕಿ ತೆರೆದಿರಬೇಕು, ಪೈ ಆರುತ್ತಿರಬೇಕು, ಟಾರ್ಚು — ಟಾರ್ಚು ಬರುವುದಿಲ್ಲ, ಪೈ ಬರುತ್ತದೆ, ನೀರು ಬರುತ್ತದೆ, ಟಾರ್ಚಿನ ಜಾಗದಲ್ಲಿ ಏನೂ ಬರುವುದಿಲ್ಲ, ಕಿತ್ತ ಹಲ್ಲಿನ ಜಾಗಕ್ಕೆ ನಾಲಗೆ ಹೋದ ಹಾಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾಳೆ.

ರೈಲು ಹಳಿಯ ಬಳಿ ಕೆಂಪು ದೀಪ ಮಿನುಗುತ್ತಿತ್ತು, ಅಡ್ಡಗಂಬ ಇಳಿಯುತ್ತಿತ್ತು, ಅವಳ ಪಾದ ತಾನಾಗಿ ಬ್ರೇಕ್ ಒತ್ತಿತು, ಕಲ್ಲಿದ್ದಲ ರೈಲುಗಾಡಿ. ಪಶ್ಚಿಮದಿಂದ ಬರುತ್ತಿದೆ, ತುಂಬಿದ ಗಾಡಿ, ನೂರಮೂವತ್ತು ಡಬ್ಬಿ, ಅದಕ್ಕೆ ಅವಸರವೆಂಬುದೇ ಇಲ್ಲ. ದೇವರೇ, ಈಗಲೇ? ಅವಳು ಸ್ಟೀರಿಂಗಿಗೆ ಹಣೆ ಹಚ್ಚಿದಳು. ಡೆಲ್ಮರ್ ಕಣ್ಣು ಕಿರಿದು ಮಾಡಿ ಇಂಜಿನ್ನು ನೋಡುತ್ತಿದ್ದರು, ಎಡಗಡೆಯ ಚಕ್ರದ ಬೇರಿಂಗು ಹೋಗಿದೆ, ಕೇಳಿಸ್ತಾ, ನನ್ನ ಕಾಲದಲ್ಲಿ ಇದನ್ನ ಹೊರಗೆ ಬಿಡ್ತಿರಲಿಲ್ಲ. ಅವರ ತುಟಿ ಬೆಳ್ಳಗಾಗಿತ್ತು. ನೋಯುತ್ತಿದೆಯಾ ಡೆಲ್ಮರ್? ಇನ್ನೂ ಇಲ್ಲ, ಅದೇ ಭಯ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ಸುತ್ತೆ. ಒಂದು ಡಬ್ಬಿ, ಇನ್ನೊಂದು ಡಬ್ಬಿ, ಎಲ್ಲದರ ನೆತ್ತಿಯಲ್ಲೂ ಒಂದೇ ಎತ್ತರದ ಕರಿಯ ರಾಶಿ, ಯಾರೋ ಅಳೆದು ಸುರಿದಿದ್ದಾರೆ, ಯಾರೋ ನೋಡಿದ್ದಾರೆ. ಡೆಲ್ಮರ್, ಅದು ನಾನು, ಗುರುವಾರ ಓವನ್ನಿನ ಗಂಟೆ ಹೊಡೀತು, ನಾನು ಎದ್ದೆ, ಆಮೇಲೆ ನಾನು — ಬಾಯಿ ಮುಚ್ಚು. ಅವರು ಅವಳಿಗೆ ಎಂದೂ ಹಾಗೆ ಅಂದವರಲ್ಲ. ಆ ತೋಟಾ ಡಬ್ಬಿ ಎಲ್ಲಿ? ಸೀಟಿನ ಹಿಂದಿದೆ. ಕೆಳಗೆ ತಳ್ಳು. ಈಗ ಕೇಳು, ಆ ತೋಟಾ ನಂದು. ಹೋದ ವರ್ಷ ನಾನೇ ಮಾಡಿದ್ದು, ಗರಾಜಿನ ಮೂಲೇಲಿ ಸಿಕ್ತು, ತಂದೆ, ಹೊಡೆದೆ, ಸಿಡೀತು. ಮುಗೀತು. ನೀವು ಯಾಕೆ ಹಾಗೆ ಹೇಳ್ತೀರಿ? ಕಲಿಸಿದ್ದು ನಾನು, ಆ ಮದ್ದು ನೋಡಿದಾಗ ಬೇಡ ವಾಪಸ್ ಕೊಡು ಅನ್ನಬೇಕಿತ್ತು, ಅನ್ನಲಿಲ್ಲ, ಅರ್ಧ ನಂದೇ ಆಯ್ತಲ್ಲ, ಮಿಕ್ಕ ಅರ್ಧಾನೂ ಇರಲಿ. ಅವರು ಕಣ್ಣು ಮುಚ್ಚಿದರು, ಮುಚ್ಚಿಕೊಂಡೇ ಮಾತಾಡಿದರು, ನಾಳೆಯಿಂದ ಓಪಲ್‌ಗೆ ಯಾರಾದರೂ ಬೇಕು, ಬೆಳಿಗ್ಗೆ ತಲೆ ಬಾಚಿ ಜಡೆ ಹಾಕಬೇಕು, ಬಿಗಿ ಆಗಬಾರದು, ಮಾತ್ರೆ ಜ್ಯಾಮಿನಲ್ಲಿಟ್ಟು ಕೊಡಬೇಕು, ನೀನು ಅಳುತ್ತ ಕೂತರೆ ನಂಗೇನು ಬಂತು, ನಿನ್ನ ಪಶ್ಚಾತ್ತಾಪ ಬೇಡ ನಂಗೆ, ನಿನ್ನ ಎರಡು ಕೈ ಬೇಕು. ರೈಲು ಹೋಗುತ್ತಲೇ ಇತ್ತು. ಎಂಬತ್ತು ವರ್ಷ ಹತ್ತು ಬೆರಳಲ್ಲಿ ಕೆಲಸ ತೆಗೆದಿದೀನಿ, ಇನ್ನುಳಿದದ್ದಕ್ಕೆ ಎಂಟು ಸಾಕು ಬಿಡು ಅಂದರು, ನಗಲು ಹೋದರು, ಆಗ ಕೈಗೆ ಸುದ್ದಿ ಮುಟ್ಟಿತು ಅಂತ ಕಾಣುತ್ತದೆ, ನಗು ಅರ್ಧಕ್ಕೆ ಬಾಯಿಯಲ್ಲೇ ಮುರಿಯಿತು, ಆ ಶಬ್ದ, ಆ ಸಣ್ಣ ಶಬ್ದ, ಅವಳು ಸಾಯುವವರೆಗೂ ಮರೆಯುವುದಿಲ್ಲ ಅದನ್ನು.

ಆಸ್ಪತ್ರೆಯ ಬಾಗಿಲು ತಾನಾಗಿ ತೆರೆಯಿತು, ಗಾಲಿಕುರ್ಚಿ, ಬಿಳಿಯ ಬೆಳಕು, ಯಾರೋ ಟವೆಲ್ ಬಿಚ್ಚಿದರು, ಅವಳು ನೋಡಿದಳು, ನೋಡಬಾರದಿತ್ತು, ಹೆಬ್ಬೆರಳು ಇರಬೇಕಾದಲ್ಲಿ ಗಾಳಿ, ಪಕ್ಕದ ಬೆರಳು ಚರ್ಮಕ್ಕೆ ಜೋತು, ದಾದಿ ಅಯ್ಯಪ್ಪಾ ಅನ್ನಲಿಲ್ಲ, ಹುಬ್ಬು ಕೂಡ ಎತ್ತಲಿಲ್ಲ, ಇಲ್ಲಿ ಕೈಯ ಶಸ್ತ್ರಕ್ರಿಯೆ ಮಾಡೋರಿಲ್ಲ, ಡೆನ್ವರ್‌ಗೆ ಕಳಿಸಬೇಕು, ಹೆಲಿಕಾಪ್ಟರ್ ಹೇಳಿದೀವಿ, ನೀವು ಮಗಳಾ? ಪಕ್ಕದ ಮನೆ. ಪಕ್ಕದ ಮನೆ ಅಂದರೆ ಏನೂ ಅಲ್ಲ, ಮೂವತ್ತೊಂದು ವರ್ಷದ ಪಕ್ಕದ ಮನೆ. ಶೆರಿಫ್ ಕಚೇರಿಯ ಡೆಪ್ಯುಟಿ ಬಂದಳು, ಚಿಕ್ಕ ವಯಸ್ಸು, ಕೂದಲು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಾಳೆ, ಗುಂಡಿನ ಗಾಯ ಅಂದರೆ ನಮಗೆ ತಿಳಿಸಲೇಬೇಕು ಸರ್, ಎರಡೇ ಪ್ರಶ್ನೆ. ಅವಳ ಮುಖ ಎಲ್ಲೋ ನೋಡಿದ್ದು, ಹೌದು, ಆಲೂಗಡ್ಡೆ ಬೇಡ ಆರ್ಲಿಸ್ ಮಿಸ್ ಗ್ರೇವಿ ಮಾತ್ರ ಎಂದು ತಟ್ಟೆ ಒಡ್ಡುತ್ತಿದ್ದವಳು, ಎರಡನೆಯ ಸಲವೂ ಬರುತ್ತಿದ್ದವಳು. ತೋಟಾ ಅಂಗಡೀದಾ ಸರ್, ಮನೇಲಿ ಮಾಡಿದ್ದಾ? ಮನೇದು. ನಾನೇ ಮಾಡಿದ್ದು, ಹೋದ ವರ್ಷ. ಡೆಪ್ಯುಟಿ ಬರೆದುಕೊಂಡಳು. ತಲೆಯೆತ್ತಿ ಆರ್ಲಿಸ್‌ಳ ಕಡೆ ನೋಡಿದಳು, ಬೇರೇನಲ್ಲ, ಹೌದು ತಾನೆ ಎಂಬಂತೆ, ವಾಡಿಕೆಗೆ. ಆರ್ಲಿಸ್‌ಳ ತಲೆ ಮೇಲೆ ಹೋಯಿತು, ಕೆಳಗೆ ಬಂತು. ಒಂದೇ ಸಲ. ಆ ತಲೆ ಯಾರದು? ತನ್ನ ಕತ್ತಿನ ಮೇಲಿರುವುದೇ? ಅಷ್ಟು ಸುಲಭವಾಗಿ ಆಡಿತಲ್ಲ, ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ನಲವತ್ತು ಮಕ್ಕಳ ಸಾಲಿನಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಮುಖ ನೋಡಿಯೇ ಹೇಳುತ್ತಿದ್ದವಳು ಅವಳು. ಛಾವಣಿಯ ಮೇಲೆ ರೆಕ್ಕೆಯ ಸದ್ದು, ಡೆಲ್ಮರ್ ಗಾಲಿಮಂಚದ ಮೇಲೆ ಸರಿದು ಹೋಗುತ್ತಿದ್ದಾರೆ, ಎಡಗೈ ಎತ್ತಿ ಎರಡು ಬೆರಳು ತೋರಿಸಿದರು, ಎರಡು ಜಡೆ, ಮರೀಬೇಡ.

ಮತ್ತೆ ಅದೇ ರಸ್ತೆ, ಅದೇ ಹಳಿ, ಈಗ ಅಡ್ಡಗಂಬ ಮೇಲಿದೆ, ಪಕ್ಕದ ಸೀಟಿನಲ್ಲಿ ಮಸುಕು ಕಂದು ಕಲೆ, ಸೀಟಿನ ಕೆಳಗೆ ಡಬ್ಬಿ, ತಿರುವಿನಲ್ಲಿ ಒಳಗೆ ಏನೋ ಕುಲುಕುತ್ತದೆ. ಐವತ್ತರಲ್ಲಿ ಆರನ್ನು ಅವರು ಬಂದೂಕಿಗೆ ತುಂಬಿದ್ದರು, ನಲವತ್ತನಾಲ್ಕು ಉಳಿದಿವೆ. ಹೊಟ್ಟೆ ಹಸಿಯುತ್ತಿದೆ ಎಂದು ತಿಳಿದಾಗ ನಾಚಿಕೆಯಾಯಿತು, ಇದೆಂಥ ಹೊಟ್ಟೆ. ಡೆಲ್ಮರರ ಮನೆಯ ಅಂಗಳದಲ್ಲಿ ಜೋಲೀನ್ ಫೋನು ಹಿಡಿದೇ ನಿಂತಿದ್ದಳು, ಡೆನ್ವರ್‌ಗೆ ಹೊರಡಲು ಚೀಲ ಕಟ್ಟಿಟ್ಟಿದ್ದಳು, ಕಣ್ಣು ಊದಿತ್ತು, ಆರ್ಲಿಸ್‌ಳನ್ನು ತಬ್ಬಿಕೊಂಡಳು, ಗಟ್ಟಿಯಾಗಿ, ನೀವಿಲ್ಲದಿದ್ದರೆ ಅಪ್ಪ ಅಲ್ಲೇ ರಕ್ತ ಸೋರಿ ಹೋಗಿಬಿಡ್ತಿದ್ದರು, ಹೇಗೆ ಥ್ಯಾಂಕ್ಸ್ ಹೇಳಲಿ ನಿಮಗೆ. ಆ ಅಪ್ಪುಗೆಯಲ್ಲಿ ಆರ್ಲಿಸ್ ಮರದ ಹಾಗೆ ನಿಂತಳು. ಒಳಗೆ ಓಪಲ್ ಕಿಟಕಿಯ ಪಕ್ಕ ಕೂತಿದ್ದಳು, ಬೆಳಿಗ್ಗೆ ಡೆಲ್ಮರ್ ಹಾಕಿದ ಎರಡು ಜಡೆಯಲ್ಲಿ ಒಂದು ಬಿಚ್ಚಿಹೋಗಿತ್ತು, ಆರ್ಲಿಸ್ ಹಿಂದೆ ನಿಂತು ಬಾಚಿದಳು, ಕೈಗೆ ಏನಾದರೂ ಬೇಕಿತ್ತು, ಮೂರು ಎಳೆ, ಒಂದರ ಮೇಲೊಂದು, ಮೆಲ್ಲಗೆ ಕಣೇ, ಅವನು ಎಳೆಯಲ್ಲ ಅಂದಳು ಓಪಲ್. ಎಳೆಯಲ್ಲ ಓಪಲ್, ನಾನೂ ಎಳೆಯಲ್ಲ. ಅವನೆಲ್ಲಿ? ಬರ್ತಾರೆ. ಬಾಗಿಲಲ್ಲಿ ನಿಂತ ಜೋಲೀನ್ ದನಿ ತಗ್ಗಿಸಿದಳು, ಹೇಳೋಕೆ ಬೇಜಾರು, ಆದರೆ ಒಂದು ಮಾತು ಮುಗಿದ ಹಾಗಾಯ್ತು, ನಾನು ಎರಡು ವರ್ಷದಿಂದ ಹೇಳ್ತಿದ್ದೆ, ಅಮ್ಮನ್ನ ಆರೈಕೆ ಮನೆಗೆ ಸೇರಿಸೋಣ ಅಂತ, ನಾನಿರೋತನಕ ಇಲ್ಲ ಅಂತಿದ್ದರು, ಈಗ ನೀವೇ ನೋಡಿ, ಎರಡು ಪಟ್ಟು ಮದ್ದು ಬಿದ್ದಿರಬೇಕು ಅಂದಳು ಡೆಪ್ಯುಟಿ ಫೋನಲ್ಲಿ, ಒಂದೇ ಚಿಪ್ಪಿಗೆ ಎರಡು ಸಲ ಮದ್ದು ಸುರಿದದ್ದೂ ಗೊತ್ತಾಗದವರ ಕೈಲಿ ಅಮ್ಮನ ಮಾತ್ರೆ ಹೇಗೆ ಬಿಡಲಿ? ಹನ್ನೊಂದು ಮಾತ್ರೆ ಆರ್ಲಿಸ್, ದಿನಕ್ಕೆ ಹನ್ನೊಂದು. ಸೋಮವಾರ ಅಲ್ಲಿಗೆ ಫೋನ್ ಮಾಡ್ತೀನಿ, ಒಂದು ಜಾಗ ಇದೆಯಂತೆ. ಅವರ ತಲೆ ಹೋಗಿದೆ ಪಾಪ, ಯಾರಿಗೂ ಗೊತ್ತಾಗಲಿಲ್ಲ ಅಷ್ಟೆ. ಮೂರು ಎಳೆ, ಒಂದರ ಮೇಲೊಂದು, ಆರ್ಲಿಸ್‌ಳ ಬೆರಳು ನಿಂತಿತು. ಡೆಲ್ಮರರ ತಲೆ! ರೈಲಿನ ಚಕ್ರದ ಬೇರಿಂಗನ್ನು ಗಾಜು ಏರಿಸಿದ ಗಾಡಿಯೊಳಗಿಂದ ಕೇಳಿ ಹೇಳಿದ ತಲೆ, ಬೆರಳಿಲ್ಲದ ಕೈ ಮಡಿಲಲ್ಲಿಟ್ಟುಕೊಂಡು ಜ್ಯಾಮಿನ ಲೆಕ್ಕ ಹೇಳಿದ ತಲೆ. ಅವರು ತೋಟಾ ನಂದು ಅಂದರು, ತೋಟಾದ ಜೊತೆಗೆ ಇನ್ನೇನು ಹೋಗುತ್ತದೆಂದು ಅವರಿಗೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ, ಒಂದು ಸಲ ತಲೆ ಆಡಿಸಿದ್ದಕ್ಕೆ ಓಪಲ್ ಮನೆ ಬಿಡಬೇಕು. ಹೇಳು, ಈಗಲೇ ಹೇಳು, ಬಾಯಿ ತೆರೆ. ಜೋಲೀನ್, ಅರ್ಧ ಗಂಟೆ ಇರ್ತೀಯಾ, ಮನೆಗೆ ಹೋಗಿ ಬಂದೆ, ಒಂದು ಕೆಲಸ ಇದೆ. ಅಷ್ಟೇ ಬಂತು ಬಾಯಿಂದ.

ಏಕೆ ಹೇಳಲಿಲ್ಲ, ಗೊತ್ತಿಲ್ಲ ಅದಕ್ಕೆ, ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು, ಹಳೆಯ ಬಂದೂಕಿನ ಬಿರುಕೇ ಇರಬಹುದಲ್ಲ, ಆಗ ಯಾರದೂ ಅಲ್ಲ, ಅವರದೂ ಅಲ್ಲ ತನ್ನದೂ ಅಲ್ಲ, ಮಾತ್ರೆಯೂ ಅವರ ಕೈಯಲ್ಲೇ ಉಳಿಯುತ್ತದೆ, ದೇವರೇ ಬಿರುಕಾಗಿರಲಿ. ಅಡುಗೆಮನೆಯಲ್ಲಿ ಮಧ್ಯಾಹ್ನದ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ತಪ್ಪಾದ ತೋಟಾ ಬಿಚ್ಚಲು ಡೆಲ್ಮರ್ ಒಂದು ಪ್ಲಾಸ್ಟಿಕ್ ಸುತ್ತಿಗೆ ಕೊಟ್ಟಿದ್ದರು, ಟೊಳ್ಳು ತಲೆಯದ್ದು, ಒಳಗೆ ತೋಟಾ ಸಿಕ್ಕಿಸಿ ನೆಲಕ್ಕೆ ಬಡಿದರೆ ಸೀಸ ಕಳಚಿ ಮದ್ದು ಉದುರುತ್ತದೆ, ಒಂಬತ್ತು ತಿಂಗಳಲ್ಲಿ ಅವಳಿಗೆ ಅದು ಎರಡೇ ಸಲ ಬೇಕಾಗಿತ್ತು, ಜಂಬವಿತ್ತು ಅದರ ಬಗ್ಗೆ. ಬಿಳಿಯ ಪಿಂಗಾಣಿ ಬಸಿ ತೆಗೆದು ಎದುರಿಗಿಟ್ಟುಕೊಂಡಳು. ಹಿತ್ತಿಲ ಮೆಟ್ಟಿಲ ಕಾಂಕ್ರೀಟಿಗೆ ಬಡಿದಳು, ಟಕ್, ಟಕ್, ಟಕ್, ಸೀಸ ಕಳಚಿತು, ಬಸಿಗೆ ಸುರಿದಳು, ಬೂದು ಬಣ್ಣದ ಒಂದು ಚಿಟಿಕೆ. ಸರಿಯಾದ ಅಳತೆ. ಮದ್ದಿನ ಡಬ್ಬಿಗೆ ಮರಳಿ ಹಾಕಿ ಬಸಿ ಒರೆಸಿದಳು. ಎರಡನೆಯದು, ಸರಿ. ಮೂರನೆಯದು, ಸರಿ. ಹತ್ತಾಯಿತು, ಭುಜ ನೋಯತೊಡಗಿತು, ಮಣಿಕಟ್ಟಿನ ಗೆರೆ ಬಿರಿದು ನೀರು ಒಸರಿತು. ಹದಿನೈದು, ಸರಿ, ಎಷ್ಟು ಅಚ್ಚುಕಟ್ಟು, ಯಾರು ಮಾಡಿದರೋ ಇವನ್ನು, ಎಷ್ಟು ಗಮನ ಕೊಟ್ಟಿದ್ದಾಳೆ, ಇಂಥವಳು ಮರೆಯುತ್ತಾಳೆಯೇ, ಬಿರುಕೇ ಇರಬೇಕು. ಇಪ್ಪತ್ತು. ನಾಳೆ ಡೆನ್ವರ್‌ಗೆ ಫೋನ್ ಮಾಡಿ ಹೇಳಬಹುದು, ಎಲ್ಲವನ್ನೂ ಬಿಚ್ಚಿ ನೋಡಿದೆ ಡೆಲ್ಮರ್, ಎಲ್ಲ ಸರಿಯಿದ್ದವು, ನಿಮ್ಮ ಬಂದೂಕಿಗೇ ವಯಸ್ಸಾಗಿತ್ತು. ಇಪ್ಪತ್ತಾರು, ಟಕ್, ಟಕ್, ಟಕ್, ಸೀಸ ಕಳಚಿತು, ಬಸಿಗೆ ಸುರಿದಳು.

ಬಸಿ ಬೆಳ್ಳಗಿತ್ತು. ಸುತ್ತಿಗೆಯನ್ನು ಅಲುಗಿಸಿದಳು, ಅಂಟಿಕೊಂಡಿರಬಹುದು, ಚಿಪ್ಪನ್ನು ಹೊರಗೆಳೆದು ಬಸಿಯ ಮೇಲೆ ಕವುಚಿ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು, ಕಿಟಕಿಯ ಬಿಸಿಲಿಗೆ ಹಿಡಿದು ಬಗ್ಗಿ ನೋಡಿದಳು, ಬರಿಯ ಹಿತ್ತಾಳೆ, ಹೊಳೆಯುವ ತಳ, ಇದಕ್ಕೆ ಮದ್ದು ಬಿದ್ದೇ ಇರಲಿಲ್ಲ. ಆಗ ನೀರು ಬಂತು, ನಲ್ಲಿಯ ನೀರು, ಸುಟ್ಟ ಮಣಿಕಟ್ಟು, ನಲ್ಲಿಯಿಂದ ತಿರುಗಿದವಳು ತನ್ನ ಕುರ್ಚಿಗೆ ಹೋಗಲಿಲ್ಲ, ಹತ್ತಿರವಿದ್ದ ಈಚೆಯ ಕುರ್ಚಿಯಲ್ಲೇ ಕೂತಳು, ಮೇಜಿನ ಇನ್ನೊಂದು ಬದಿ, ಎಡ ಬಲವಾಯಿತು, ಸಾಲಿನಲ್ಲಿ ಒಂದೇ ಬಾಕಿಯಿತ್ತು, ಕೊನೆಯದು, ಕೊನೆಯದು ಯಾವ ಕಡೆ, ಪೈಯ ರಸ ಉಕ್ಕುತ್ತಿತ್ತು ಮೊದಲ ತುಂಡು ಈಗಲೇ ಕೊಟ್ಟು ಬರಲೇ ಎಂದುಕೊಳ್ಳುತ್ತ ಸೌಟನ್ನು ತುಂಬಿ ಅಂಚು ಸವರಿ, ಆಗಲೇ ತುಂಬಿದ್ದ ಇನ್ನೊಂದು ತುದಿಯದಕ್ಕೆ — ಟಾರ್ಚು ಇರಲಿಲ್ಲ. ಪೈಯನ್ನು ಬಿಸಿಬಿಸಿ ಕೊಡುವ ಅವಸರದಲ್ಲಿ ಟಾರ್ಚನ್ನು ಮುಟ್ಟಿಯೇ ಇರಲಿಲ್ಲ. ಹಿತ್ತಿಲ ಬಾಗಿಲು ಕಿರುಗುಟ್ಟಿತು, ಆರ್ಲಿಸ್, ಅಮ್ಮ ಮಲಗಿದ್ದಾಳೆ, ಏನದು ಆಗಲಿಂದ ಬಡೀತಿರೋ ಶಬ್ದ ಅಂತ ನೋಡೋಣ ಅಂತ ಬಂದೆ, ಜೋಲೀನ್ ಹೊಸ್ತಿಲಲ್ಲಿ ನಿಂತು ಮೇಜನ್ನು ನೋಡಿದಳು, ಪ್ರೆಸ್ಸನ್ನು ನೋಡಿದಳು, ಸಾಲಾಗಿ ನಿಲ್ಲಿಸಿದ ಚಿಪ್ಪುಗಳನ್ನು ನೋಡಿದಳು, ಕೆಂಪು ರಿಬ್ಬನ್ನನ್ನು ನೋಡಿದಳು. ಇದು ನಿನ್ನಪ್ಪನದಲ್ಲ ಜೋಲೀನ್ — ಮಾತು ಬಂತು, ಯಾರದೋ ದನಿಯಲ್ಲಿ, ಒಣಗಿದ ದನಿಯಲ್ಲಿ — ಇವೆಲ್ಲ ನಂದು, ನಾನು ಮಾಡಿ ಅವರಿಗೆ ಕೊಟ್ಟದ್ದು, ಅವರ ತಲೆ ಸರಿಯಾಗಿದೆ, ನನ್ನನ್ನ ಉಳಿಸೋಕೆ ಹಾಗೆ ಹೇಳಿದರು, ನಾನು ಸುಮ್ಮನಿದ್ದೆ, ಇದಕ್ಕೆ ಬೀಳಬೇಕಾದದ್ದು ಇನ್ನೊಂದಕ್ಕೆ ಬಿತ್ತು, ಆ ಇನ್ನೊಂದು ಅವರ ಕೈಲಿ ಸಿಡೀತು, ಸೋಮವಾರ ಎಲ್ಲಿಗೂ ಫೋನ್ ಮಾಡಬೇಡ, ಆ ಡೆಪ್ಯುಟಿಗೆ ನಾನೇ ಮಾಡ್ತೀನಿ, ನೋಡು, ನೀನೇ ನೋಡು. ಎರಡೂ ಕೈಯಲ್ಲಿ ಬಸಿಯನ್ನು ಎತ್ತಿ ಒಡ್ಡಿದಳು. ಜೋಲೀನ್ ಹತ್ತಿರ ಬಂದಳು, ಬಗ್ಗಿದಳು, ಬಹಳ ಹೊತ್ತು ನೋಡಿದಳು, ಅವಳ ಮುಖ ಮೆಲ್ಲಗೆ ಬೇರೆಯದಾಗುತ್ತಿತ್ತು, ಇದರಲ್ಲಿ ಏನೂ ಇಲ್ಲವಲ್ಲ ಅಂದಳು. ಇಲ್ಲ. ಬಿಸಿಲು ಬಸಿಯ ಮೇಲೆ ನೇರ ಬಿದ್ದಿತ್ತು, ಬೆಳ್ಳಗೆ, ಅಂಚಿನಿಂದ ಅಂಚಿಗೆ ಬೆಳ್ಳಗೆ, ಒಂದು ಕಣವೂ ಇಲ್ಲ, ಬೆಳ್ಳಗಿನ ಬಸಿ, ಏನೂ ಇಲ್ಲ, ಬಸಿ